ನಾಲ್ಕು ಕುರ್ಚಿಗಳು

ನಮ್ಮ ಮಲಗುವ ಕೋಣೆಯಿಂದ ಬಚ್ಚಲಿಗೆ ಆಗ 22 ಹೆಜ್ಜೆ. ಅದಕ್ಕೆ ಮುಂಚೆ ಯಾವತ್ತೂ ಎಣಿಸಿದವಳಲ್ಲ. ಆ ದಾರಿಯಲ್ಲಿ ಅತ್ತೆ ನಾಲ್ಕು ಕುರ್ಚಿ ಹಾಕಿದ ಮೇಲೆ ಎಣಿಸುವುದು ಶುರುವಾಯಿತು.

ಕಾಯಿಲೆಯ ಹೆಸರು ವೆಸ್ಟಿಬ್ಯುಲರ್ ನ್ಯೂರೈಟಿಸ್. ಒಳಕಿವಿಯಿಂದ ಮಿದುಳಿಗೆ ಸಮತೋಲನದ ಸುದ್ದಿ ಒಯ್ಯುವ ನರಕ್ಕೆ ಊತ ಬರುವುದು. ಹೆಚ್ಚಾಗಿ ವೈರಸ್ಸಿನಿಂದ ಅನ್ನುತ್ತಾರೆ. ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಫ್ಯಾನ್ ನಿಂತಿದೆ, ಚಾವಣಿ ತಿರುಗುತ್ತಿದೆ. ತಲೆ ಸುತ್ತು ಅಂದರೆ ಹಸಿದಾಗ ಕಣ್ಣು ಕತ್ತಲೆ ಬರುತ್ತದಲ್ಲ, ಅಷ್ಟೇ ಅಂದುಕೊಂಡಿದ್ದೆ. ಇದು ಹಾಗಲ್ಲ. ಹಾಸಿಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ, ಮಲಗಿದ್ದಲ್ಲೇ ಬಿದ್ದುಬಿಡುತ್ತೇನೇನೋ ಅಂತ. ವಾಂತಿಯಂತೂ ನಿಲ್ಲಲೇ ಇಲ್ಲ.

ಡಾಕ್ಟರು ಕಿವಿಯ ತಂಟೆಗೇ ಹೋಗಲಿಲ್ಲ ಮೊದಲು. ಮಾತು ತೊದಲುತ್ತಿದೆಯಾ, ಒಂದು ಎರಡಾಗಿ ಕಾಣುತ್ತಿದೆಯಾ, ಬೆರಳು ಮೂಗಿಗೆ ಸರಿಯಾಗಿ ಮುಟ್ಟುತ್ತದಾ ಅಂತ ನೋಡಿದರು. ಪಾರ್ಶ್ವವಾಯು ಕೂಡ ಕೆಲವು ಸಲ ಹೀಗೇ ತಲೆ ಸುತ್ತಿನಿಂದ ಶುರುವಾಗುತ್ತದಂತೆ. ಅದಲ್ಲ ಅಂತ ಖಾತ್ರಿಯಾದ ಮೇಲೆ ನನ್ನ ಗಂಡ ಗೋಡೆಗೆ ಒರಗಿ ಕೂತುಬಿಟ್ಟರು. ಅವರಿಗೂ ತಲೆ ಸುತ್ತಿದ ಹಾಗಿತ್ತು.

ಸುತ್ತುವುದು ನಾಲ್ಕೈದು ದಿನಕ್ಕೆ ತಗ್ಗಿತು. ಉಳಿದಿದ್ದು ತೂರಾಟ. ತಲೆ ಅಲುಗಾಡದೆ ಇದ್ದಾಗಲೂ ಎರಡೂ ಕಿವಿಗಳು ಮಿದುಳಿಗೆ ಸಮಸಮವಾಗಿ ಸುದ್ದಿ ಕಳಿಸುತ್ತಲೇ ಇರುತ್ತವೆ. ಒಂದು ಕಿವಿ ಇದ್ದಕ್ಕಿದ್ದಂತೆ ಸುಮ್ಮನಾದರೆ ಇನ್ನೊಂದರ ಮಾತೇ ಜಾಸ್ತಿಯಾಗುತ್ತದೆ. ಆಗ ಮಿದುಳು ಮೋಸ ಹೋಗುತ್ತದೆ, ನಾವು ತಿರುಗುತ್ತಿದ್ದೇವೆ ಅಂದುಕೊಳ್ಳುತ್ತದೆ. ನನ್ನ ಬಲಗಿವಿ ಸುಮ್ಮನಾಗಿತ್ತು. ಹಾಗಾಗಿ ನೆಟ್ಟಗೆ ಹೊರಟರೂ ಬಲಕ್ಕೇ ವಾಲುತ್ತಿದ್ದೆ. ಜೊತೆಗೆ ಮಲಗಿ ಮಲಗಿ ಕಾಲಿನ ಕಸುವೂ ಇಳಿದಿತ್ತು. ತೊಡೆ ಇಷ್ಟು ಬೇಗ ಸೋಲುತ್ತದೆ ಅಂತ ಗೊತ್ತಿರಲಿಲ್ಲ.

ಮನೆಯ ಲಯವೇ ಬದಲಾಯಿತು. ಯಾರಾದರೂ ಪಕ್ಕದಿಂದ ಕರೆದರೆ ತಟ್ಟನೆ ತಲೆ ತಿರುಗಿಸುತ್ತೇವಲ್ಲ, ಆಗ ಇಡೀ ಕೋಣೆ ಜಾರಿದಂತಾಗುತ್ತಿತ್ತು. ಅದಕ್ಕೆ ಹೊಸ ನಿಯಮ: ನನ್ನ ಹತ್ತಿರ ಮಾತಾಡುವವರು ಎದುರಿಗೆ ಬಂದು ನಿಂತು ಮಾತಾಡಬೇಕು. ಹನ್ನೊಂದು ವರ್ಷದ ಮಗ ಇದನ್ನು ಸೈನಿಕನ ಹಾಗೆ ಪಾಲಿಸಿದ. ಎದುರಿಗೆ ಬಂದು, ಕಾಲು ಜೋಡಿಸಿ ನಿಂತು, "ಅಮ್ಮಾ, ನನ್ನ ಸಾಕ್ಸ್ ಎಲ್ಲಿ?" ಸಾಕ್ಸ್ ಹುಡುಕುವುದನ್ನು ಮಾತ್ರ ಅವನು ಆಗಲೂ ಕಲಿಯಲಿಲ್ಲ.

ಗಂಡ ನನ್ನ ಬಲ ಮೊಣಕೈ ಬಿಡುತ್ತಲೇ ಇರಲಿಲ್ಲ. ಎದ್ದರೆ ಹಿಡಿಯುವುದು, ತಿರುಗಿದರೆ ಹಿಡಿಯುವುದು. ಮೊದಲ ವಾರ ಆ ಕೈ ಇಲ್ಲದಿದ್ದರೆ ನಾನು ನೆಲದ ಮೇಲೇ ಇರುತ್ತಿದ್ದೆ. ಎರಡನೇ ವಾರಕ್ಕೆ ನನಗೆ ಕಿರಿಕಿರಿ ಶುರುವಾಯಿತು. ಹೇಳುವುದು ಹೇಗೆ? ಹಿಡಿದುಕೊಳ್ಳುತ್ತಿರುವವರ ಹತ್ತಿರ ಬಿಡಿ ಅನ್ನುವುದು ಕೃತಘ್ನತೆ ಅನಿಸುತ್ತದೆ, ಅಲ್ವಾ?

ಇನ್ನು ಅತ್ತೆ. ಅವರಿಗೆ 72. ಮಾತು ಕಡಿಮೆ. ಹೇಗಿದ್ದೀಯಾ ಅಂತ ಒಂದು ದಿನವೂ ಕೇಳಲಿಲ್ಲ. ನಾನು ಆಸ್ಪತ್ರೆಯಿಂದ ಬಂದ ಮಾರನೇ ದಿನ ಮಧ್ಯಾಹ್ನ ಏನೋ ಎಳೆದಾಡುವ ಸದ್ದು ಕೇಳಿಸಿತು. ಸಂಜೆ ಎದ್ದು ನೋಡಿದರೆ ಬಲಗೋಡೆಯ ಉದ್ದಕ್ಕೂ ನಾಲ್ಕು ಕುರ್ಚಿ, ಬೆನ್ನು ದಾರಿಯ ಕಡೆಗೆ. ಒಂದನ್ನು ಬಿಟ್ಟರೆ ಇನ್ನೊಂದು ಕೈಗೆ ಸಿಗುವಷ್ಟು ದೂರ. ಅಳೆದು ಹಾಕಿದ್ದರು. ಊಟದ ಮೇಜಿನ ಸುತ್ತ ಒಂದು ಕುರ್ಚಿಯೂ ಉಳಿದಿರಲಿಲ್ಲ. ಸುಮಾರು ದಿನ ಇವರೆಲ್ಲ ನೆಲದ ಮೇಲೆ ಕೂತೇ ಉಂಡರು.

ಮೂರನೇ ವಾರ ಫಿಸಿಯೋಥೆರಪಿಸ್ಟ್, ಮನೆಯಲ್ಲಿ ಹೇಗೆ ಓಡಾಡುತ್ತೀರಿ ಅಂತ ಕೇಳಿದರು. ಕುರ್ಚಿಗಳ ಕಥೆ ಹೇಳಿದೆ. ಅವರು ನಗಲಿಲ್ಲ. "ಮೊದಲಿಗೆ ಅದು ಒಳ್ಳೆಯ ಐಡಿಯಾನೇ. ಈಗ ಒಂದೊಂದಾಗಿ ತೆಗೆಸಿ" ಅಂದರು. ಸಮತೋಲನಕ್ಕೆ ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣು, ಒಳಕಿವಿ, ಆಮೇಲೆ ಪಾದ ಮತ್ತು ಕೀಲುಗಳು. ಒಂದು ಕಿವಿ ಕೈಕೊಟ್ಟರೂ ಮಿದುಳು ಉಳಿದದ್ದನ್ನು ಸೇರಿಸಿ ಹೊಸ ಲೆಕ್ಕ ಹಾಕಿಕೊಳ್ಳಬಲ್ಲದು. ಆದರೆ ಸ್ವಲ್ಪ ತೂರಾಡದೆ ಆ ಲೆಕ್ಕ ಕಲಿಯುವುದಿಲ್ಲ. ತಲೆಸುತ್ತಿನ ಮಾತ್ರೆಯನ್ನು ಡಾಕ್ಟರು ಮೊದಲ ಕೆಲವು ದಿನಕ್ಕೇ ನಿಲ್ಲಿಸಿದ್ದೂ ಇದಕ್ಕೇ. ಗಂಡನ ಕಡೆ ತಿರುಗಿ, "ನೀವು ಹಿಡಿದುಕೊಳ್ಳಬೇಡಿ. ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದೆ ಇರಿ. ಬಿದ್ದರೆ ಹಿಡಿಯುವಷ್ಟು ಹತ್ತಿರ" ಅಂದರು.

ಆ ಭಾನುವಾರ ಕುರ್ಚಿ ತೆಗೆಯುವ ಕಾರ್ಯಕ್ರಮ. ಒಂದೊಂದಾಗಿ ಅಂದಿದ್ದು ನಮ್ಮಿಬ್ಬರಿಗೂ ನೆನಪಿತ್ತು. ಆದರೂ ಹುಮ್ಮಸ್ಸು ನೋಡಿ, ನಾಲ್ಕನ್ನೂ ಎತ್ತಿಬಿಟ್ಟೆವು. ತಪ್ಪು ನನ್ನದೇ ಜಾಸ್ತಿ. ಅತ್ತೆ ತಮ್ಮ ಮಂಚದ ಮೇಲೆ ಕೂತು ನೋಡುತ್ತಿದ್ದರು, ಏನೂ ಅನ್ನಲಿಲ್ಲ.

ಹೊರಟೆ. ಗಂಡ ಒಂದು ಹೆಜ್ಜೆ ಹಿಂದೆ, ಕೈ ಕಟ್ಟಿಕೊಂಡು. ಕಟ್ಟಿಕೊಳ್ಳದಿದ್ದರೆ ಆ ಕೈ ತಾನಾಗೇ ಬರುತ್ತಿತ್ತು. ಐದು, ಆರು, ಏಳು. ಎಲ್ಲ ಸರಿಯಾಗಿತ್ತು. ಹನ್ನೊಂದನೇ ಹೆಜ್ಜೆಗೆ ಕಿಟಕಿಯ ಆಚೆ ಏನೋ ಹಾರಿಹೋಯಿತು, ಕಣ್ಣು ಅತ್ತ ಹೋಯಿತು. ನೆಲ ಬಲಕ್ಕೆ ಓರೆಯಾಯಿತು. ಮೂರನೇ ಕುರ್ಚಿ ಇರುತ್ತಿದ್ದ ಜಾಗಕ್ಕೆ ಕೈ ಚಾಚಿದರೆ ಬರೀ ಗಾಳಿ. ಭುಜ ದಬ್ಬೆಂದು ಗೋಡೆಗೆ ಬಡಿಯಿತು. ಬೀಳಲಿಲ್ಲ. ಗಂಡನ ಕೈ ನನ್ನ ಮೊಣಕೈಯ ಹತ್ತಿರ ಬಂದು ನಿಂತಿತ್ತು, ಮುಟ್ಟಿರಲಿಲ್ಲ. ಮುಟ್ಟದೆ ಇರಲು ಅವರಿಗೆ ಎಷ್ಟು ಕಷ್ಟವಾಯಿತು ಅನ್ನುವುದು ಆ ಬೆರಳುಗಳಲ್ಲಿ ಕಾಣುತ್ತಿತ್ತು.

ಯಾರೂ ಮಾತಾಡಲಿಲ್ಲ. ಅತ್ತೆ ಎದ್ದರು. ಒಂದು ಕುರ್ಚಿ ಎಳೆದು ತಂದು ಬಚ್ಚಲ ಬಾಗಿಲ ಹತ್ತಿರ ಇಟ್ಟರು. ಆಮೇಲೆ ಇನ್ನೊಂದು. ಇನ್ನೂ ಒಂದು. ನಾಲ್ಕನೆಯದು ಎಲ್ಲಿತ್ತೋ ಅಲ್ಲೇ ಬಿಟ್ಟರು.

"ಒಂದೊಂದಾಗಿ ಅಂದಿದ್ದರಲ್ಲ?" ಅಂದರು. ಆ ವಾರ ಅವರು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಆಮೇಲೆ ವಾರಕ್ಕೊಂದು ಕುರ್ಚಿ. ದಿನಕ್ಕೆ ಮೂರು ಸಲ ವ್ಯಾಯಾಮ. ಮಗ ಒಂದು ಹಾಳೆಯಲ್ಲಿ ದೊಡ್ಡದಾಗಿ 'ಅ' ಬರೆದು, ನನ್ನ ಕಣ್ಣಿನ ಮಟ್ಟಕ್ಕೆ ಗೋಡೆಗೆ ಅಂಟಿಸಿದ. ಅಕ್ಷರದ ಮೇಲಿಂದ ಕಣ್ಣು ಕದಲಬಾರದು, ತಲೆ ಮಾತ್ರ ಇಲ್ಲ ಇಲ್ಲ ಅನ್ನುವ ಹಾಗೆ ಆಡಬೇಕು. ಮೊದಮೊದಲು 'ಅ' ನೀರಿನಲ್ಲಿ ಬಿದ್ದಂತೆ ಕುಣಿಯುತ್ತಿತ್ತು, ಹತ್ತು ಸೆಕೆಂಡಿಗೆ ಹೊಟ್ಟೆ ತೊಳೆಸುತ್ತಿತ್ತು. ಮಗ ಗಡಿಯಾರ ಹಿಡಿದು, "ಇನ್ನೂ ಐದೇ ಸೆಕೆಂಡು ಅಮ್ಮಾ" ಅಂತ ಸುಳ್ಳು ಹೇಳುತ್ತಿದ್ದ. ಅವನ ಐದು ಸೆಕೆಂಡು ಭಾರಿ ಉದ್ದ. ದಿಂಬಿನ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು ಇನ್ನೂ ಕಷ್ಟದ್ದು. ಕಣ್ಣಿನ ಸುದ್ದಿ ಇಲ್ಲ, ಪಾದದ ಸುದ್ದಿಯೂ ಮೆತ್ತಗಾಗಿ ಕಲಸಿಹೋಗಿರುತ್ತದೆ, ಇರುವ ಕಿವಿಯನ್ನೇ ನಂಬಬೇಕು. ಅದನ್ನು ಮೂಲೆಗೆ ಬೆನ್ನು ಮಾಡಿ, ಮುಂದೆ ಒಂದು ಕುರ್ಚಿ ಇಟ್ಟುಕೊಂಡೇ ಮಾಡಬೇಕು ಅಂತ ಕಟ್ಟಪ್ಪಣೆ ಇತ್ತು.

ತೆಗೆದ ಮೊದಲ ಕುರ್ಚಿಗೂ ಕೆಲಸ ಸಿಕ್ಕಿತು. ಕೈ ಎದೆಗೆ ಕಟ್ಟಿಕೊಂಡು, ಏನನ್ನೂ ಹಿಡಿಯದೆ, ಕೂತಲ್ಲಿಂದ ಎದ್ದು ಮತ್ತೆ ಕೂರುವುದು. 30 ಸೆಕೆಂಡಿನಲ್ಲಿ ಎಷ್ಟು ಸಲ ಅನ್ನುವುದು ಲೆಕ್ಕ. ನನಗೆ ಆರಕ್ಕೇ ತೊಡೆ ನಡುಗಿತು. ಒಂದು ಸಂಜೆ ಅತ್ತೆ ಸುಮ್ನೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಕೈ ಕಟ್ಟಿದರು. ಎದ್ದರು, ಕೂತರು, ಎದ್ದರು. ಮಗ ಎಣಿಸಿದ: ಅಜ್ಜಿ ಒಂಬತ್ತು, ಅಮ್ಮ ಎಂಟು. ಮುಂದಿನ ವಾರದವರೆಗೂ ನನಗೆ ಆ ಒಂಬತ್ತನ್ನು ಮುಟ್ಟುವುದೇ ಧ್ಯಾನ. ಮುಟ್ಟಿದ ದಿನ ಅವರು ಹತ್ತು ಮಾಡಿದರು. ಬೇಕೆಂದೇ.

ಎಲ್ಲ ದಿನವೂ ಹೀಗಿರಲಿಲ್ಲ. ನಿದ್ದೆಗೆಟ್ಟ ಮಾರನೇ ದಿನ ಎರಡು ವಾರ ಹಿಂದಕ್ಕೆ ಹೋದ ಹಾಗಾಗುತ್ತಿತ್ತು. ಒಂದು ದಿನ ಒಗೆದ ಬಟ್ಟೆ ಬಕೆಟ್ ಎತ್ತಲು ಬಗ್ಗಿದವಳು ಅಲ್ಲೇ ಕೂತು ಅತ್ತುಬಿಟ್ಟೆ. ಗಂಡ ಬಂದು ಪಕ್ಕದಲ್ಲಿ ಕೂತರು. ಮೊಣಕೈ ಹಿಡಿಯಲಿಲ್ಲ, ಬಕೆಟ್‌ನಿಂದ ಒಂದೊಂದೇ ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟರು. ಕೂತೇ ಕೊಡವಿದೆ.

ಮೊನ್ನೆ ರಾತ್ರಿ ಎಚ್ಚರವಾಯಿತು. ದೀಪ ಹಾಕದೆ ಹೋಗಿ ಬಂದೆ. ಕತ್ತಲಲ್ಲಿ ನಡೆಯುವುದು ಕೊನೆಯ ಪರೀಕ್ಷೆ, ಕಣ್ಣಿನ ಸಹಾಯವೇ ಇರುವುದಿಲ್ಲ. ಹಾಸಿಗೆಗೆ ಬಂದರೆ ಗಂಡ ಎದ್ದು ಕೂತಿದ್ದರು.

"ಎಷ್ಟು?"

"ಹದಿನಾಲ್ಕು."

"ಹಿಡಿದುಕೊಂಡೆಯಾ?"

ಇಲ್ಲ ಅಂದೆ. ಅವರು ಮಲಗಿದರು.

ಬಚ್ಚಲ ಬಾಗಿಲ ಹತ್ತಿರದ ಕೊನೆಯ ಕುರ್ಚಿ ಮಾತ್ರ ಇನ್ನೂ ಅಲ್ಲೇ ಇದೆ. ಅದನ್ನು ತೆಗೆಯುವ ವಾರ ಬಂದು ಹೋಗಿ ಎಷ್ಟೋ ದಿನವಾಯಿತು. ಅತ್ತೆ ತೆಗೆದಿಲ್ಲ, ತೆಗೆಯಿರಿ ಅಂತ ನಾನೂ ಹೇಳಿಲ್ಲ. ಈಗ ಅದರ ಮೇಲೆ ಮಗನ ಒದ್ದೆ ಟವೆಲ್ ಬಿದ್ದಿರುತ್ತದೆ. ಅದಕ್ಕೆ ದಿನಾ ಬೈಯುವವಳು ನಾನೇ.