ಷರಾ ಕಾಲಂ

22 ಆಗಸ್ಟ್ 2025, ಶುಕ್ರವಾರ, ರಾತ್ರಿ 11.40

ಆನ್‌ಲೈನ್ ಗೇಮಿಂಗ್ ಮಸೂದೆಗೆ ರಾಷ್ಟ್ರಪತಿಗಳ ಸಹಿ ಬಿತ್ತಂತೆ. ಬುಧವಾರ ಲೋಕಸಭೆ, ನಿನ್ನೆ ರಾಜ್ಯಸಭೆ, ಇವತ್ತು ಸಹಿ, ಮೂರೇ ದಿನದಲ್ಲಿ ಮುಗಿದುಹೋಯ್ತು. ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ಎಲ್ಲಾ ಬಂದ್. ನಾನು ಪೋಕರ್ ಅನ್ನೋ ಇಸ್ಪೀಟ್ ಆಟ ಆಡೋ ಆಪ್ ತೆಗೆದ್ರೆ ಟೇಬಲ್‌ಗಳ ಪಟ್ಟಿ ಇರ್ತಿದ್ದ ಜಾಗದಲ್ಲಿ ಒಂದು ನೋಟೀಸು, ದುಡ್ಡು ಹಾಕೋ ಬಟನ್ನೇ ಇಲ್ಲ, ವಾಪಸ್ ತಗೊಳೋದು ಮಾತ್ರ ಇದೆ. ನಂದು 18,400 ಚಿಲ್ಲರೆ ಇತ್ತು, ಅಷ್ಟೂ ವಿತ್‌ಡ್ರಾ ಕೊಟ್ಟಿದೀನಿ. ಪ್ರಾಸೆಸಿಂಗ್ ಅಂತ ತೋರಿಸ್ತಿದೆ. ಬರುತ್ತೆ, ಗೊತ್ತು, ಆದ್ರೂ ಅರ್ಧ ಗಂಟೆಗೊಂದ್ಸಲ ನೋಡೋದು ತಪ್ತಿಲ್ಲ.

ಮಾವ ಹಬ್ಬಕ್ಕೆ ಅಂತ ನಿನ್ನೆನೇ ತಿಪಟೂರಿಂದ ಬಂದಿದಾರೆ. ಅತ್ತೆ ಸೋಮವಾರ ಬರ್ತಾರೆ. ಸಂಜೆ ಆಫೀಸಿಂದ ಬಂದಾಗ ಹಾಲ್‌ನಲ್ಲಿ ಟಿವಿ ಜೋರಾಗಿ ಓಡ್ತಿತ್ತು, ಅದೇ ಸುದ್ದಿ. 45 ಕೋಟಿ ಜನ ವರ್ಷಕ್ಕೆ 20 ಸಾವಿರ ಕೋಟಿ ಕಳ್ಕೋತಿದಾರೆ ಅನ್ನೋದು ಸರ್ಕಾರದ ಅಂದಾಜು ಅಂತ ಹೇಳ್ತಿದ್ರು. ನನ್ನ ಕೆಲಸಾನೇ ಲೆಕ್ಕ ಬರೆಯೋದಲ್ವಾ, ಚಪ್ಪಲಿ ಬಿಡೋ ಹೊತ್ತಿಗೇ ತಲೇಲಿ ಭಾಗಾಕಾರ ಆಗೋಯ್ತು, ತಲೆಗೆ 444 ರೂಪಾಯಿ ಬರುತ್ತೆ. ಆದ್ರೆ ಯಾರೂ 444 ರೂಪಾಯಿ ಕಳ್ಕೊಳಲ್ಲ. ಮುಕ್ಕಾಲು ಪಾಲು ಜನ ಐವತ್ತೋ ನೂರೋ ಹಾಕಿ ಮರ್ತುಬಿಡ್ತಾರೆ, ಇನ್ನೆಲ್ಲೋ ಒಂದು ಮನೇಲಿ ಲೋನ್ ಆಪ್‌ನೋರ ಫೋನ್ ಬರ್ತಾ ಇರುತ್ತೆ, ಮಾಂಗಲ್ಯ ಸರ ಅಡ ಇಟ್ಟಿರ್ತಾರೆ. ಸರಾಸರಿ ತೆಗೆದ್ರೆ ಆ ಮನೆ ಎಲ್ಲೂ ಕಾಣ್ಸಲ್ಲ.

"ನಿಂದೂ ಬಂದ್ ಆಯ್ತೇನಮ್ಮಾ?" ಅಂದ್ರು ಮಾವ.

ನಾನು ಆಡೋದು ಮನೇಲಿ ಎಲ್ರಿಗೂ ಗೊತ್ತು, ಮುಚ್ಚಿಟ್ಟಿಲ್ಲ. ಆದ್ರೆ ಮಾವ ಇವತ್ತಿನವರೆಗೂ ನೇರವಾಗಿ ಕೇಳಿರ್ಲಿಲ್ಲ. "ಆಯ್ತು ಮಾವ" ಅಂದೆ. "ಒಳ್ಳೇದೇ ಆಯ್ತು ಬಿಡು" ಅಂತಾರೆ ಅಂತ ಕಾಯ್ತಿದ್ದೆ, ಅನ್ಲಿಲ್ಲ. ಟಿವಿ ಮ್ಯೂಟ್ ಮಾಡಿ, "ಆ ಉದ್ದನೆ ಬುಕ್ಕು ನಿಂದೇನಾ? ಪುಟ್ಟಿ ಡ್ರಾಯಿಂಗ್ ಶೀಟ್ ಹುಡುಕ್ತಾ ಎಳೆದ್ಲು, ಏನೋ ಅಂತ ತೆಗೆದ್ನಮ್ಮ, ಎರಡು ಪುಟ ಓದಿದೆ, ಬೇಜಾರ್ ಮಾಡ್ಕೋಬೇಡ" ಅಂದ್ರು.

ಬೇಜಾರೇನೂ ಆಗ್ಲಿಲ್ಲ. ಯಾರಾದ್ರೂ ಓದ್ಲಿ ಅಂತ ಎಲ್ಲೋ ಒಳಗೆ ಇತ್ತೋ ಏನೋ. ಅದು ಲಾಂಗ್ ಬುಕ್ಕು, ತಾರೀಕು, ಹಾಕಿದ್ದು, ಬಂದಿದ್ದು, ಉಳಿಕೆ, ಕೊನೇಲಿ ಷರಾ. ಪೋಕರ್ ಕಲಿಸೋರು ಎಲ್ರೂ ಹೇಳೋ ಮಾತು, ಬರೀ ದುಡ್ಡು ಬರೆದ್ರೆ ಸಾಲ್ದು, ಆಡುವಾಗ ಮನಸ್ಸು ಹೆಂಗಿತ್ತು ಅಂತ್ಲೂ ಬರೀರಿ ಅಂತ. ಅದಕ್ಕೇ ಷರಾ ಕಾಲಂ ಇಟ್ಕೊಂಡಿದ್ದು. ಮಾವ ಕನ್ನಡಕ ಹಾಕ್ಕೊಂಡು ಬೆರಳಿಟ್ಟು ಓದಿದ್ರು. "ಇಲ್ಲಿ ನೋಡು, ಸೋತಿದೀಯ, ನಿದ್ದೆ ಬರ್ಲಿಲ್ಲ ಅಂತ ಬರ್ದಿದೀಯ. ಸರಿ. ಇಲ್ಲಿ ಗೆದ್ದಿದೀಯ, ಇಲ್ಲೂ ನಿದ್ದೆ ಬರ್ಲಿಲ್ಲ ಅಂತಿದೆ. ಮತ್ತೆ ಯಾವತ್ತಮ್ಮ ನೀನು ನಿದ್ದೆ ಮಾಡ್ತಿದ್ದಿದ್ದು?"

"ಸಮ ಬಂದ ದಿನ ಮಾವ" ಅಂದೆ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ, ಆಮೇಲೆ ಪುಟ ತಿರುವಿ ನೋಡಿದ್ರೆ ನಿಜಾನೇ. ಹಾಕಿದ್ದೂ ಬಂದಿದ್ದೂ ಸಮ ಇದ್ದ ಕಡೆ ಷರಾ ಖಾಲಿ ಇದೆ.

ಅವರಿಗೆ ಕಳೆದ ವಾರದ ಒಂದು ಕೈ, ಅಂದ್ರೆ ಒಂದ್ಸಲ ಎಲೆ ಹಂಚಿ ಆಡಿದ್ದು, ಹೇಳಿದೆ. ಮಾವ ಕಾಲೇಜಲ್ಲಿದ್ದಾಗ ರಮ್ಮಿ ಆಡಿದೋರು, ಎಲೆ ಬಗ್ಗೆ ಹೇಳಿದ್ರೆ ಕಣ್ಣಿಗೆ ಕಟ್ಟುತ್ತೆ. ನಂಗೆ ಬಂದಿದ್ದು ಆಟೀನ್ ಎಕ್ಕ, ಕಳಾವರ್ ಎಕ್ಕ. ಎಕ್ಕದ ಜೋಡಿ 221 ಕೈಗೆ ಒಂದ್ಸಲ ಬರೋದು, ಪೋಕರ್‌ನಲ್ಲಿ ಶುರುಲೇ ಸಿಗೋದ್ರಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಆ ಕಡೆಯವನು ಪಣ ಏರಿಸ್ದ, ನಾನು ಏರಿಸ್ದೆ, ಅವನು ಆಲ್ ಇನ್, ಅಂದ್ರೆ ಮುಂದಿರೋದೆಲ್ಲ ಇಟ್ಬಿಟ್ಟ, ನಾನೂ ಆಲ್ ಇನ್. ಎಲೆ ತೆರೆದ್ರೆ ಅವನ ಹತ್ರ ರಾಜನ ಜೋಡಿ. ಈ ಜಾಗದಲ್ಲಿ ನೂರು ಸಲ ಆಡಿದ್ರೆ 80ರ ಮೇಲೆ ನಂದೇ. ಇಬ್ರಿಗೂ ಸೇರೋ ಐದು ಎಲೆ ಮಧ್ಯ ಬೀಳುತ್ತೆ. ಒಂಬತ್ತು, ನಾಲ್ಕು, ಎರಡು ಬಿತ್ತು. ಆಮೇಲೆ ಆರು. ಉಳಿದಿದ್ದು ಒಂದೇ ಎಲೆ, ಕಾಣದೆ ಇರೋ 44 ಎಲೇಲಿ ಉಳಿದಿರೋ ಎರಡು ರಾಜದಲ್ಲಿ ಒಂದು ಬಿದ್ರೆ ಮಾತ್ರ ಅವನಿಗೆ ಮೂರು ರಾಜ ಆಗಿ ನನ್ನ ಜೋಡಿ ಸೋಲುತ್ತೆ, ಅಂದ್ರೆ 22ಕ್ಕೆ ಒಂದು.

"ಬಿತ್ತಾ?" ಅಂದ್ರು ಮಾವ.

ಬಿತ್ತು. ಡೈಮನ್ ರಾಜ.

ಆ ಕ್ಷಣ ಹೆಂಗಿರುತ್ತೆ ಅಂತ ಆಡದೆ ಇರೋರಿಗೆ ಹೇಳೋದು ಕಷ್ಟ. ಕಿವಿ ಬಿಸಿ ಆಗುತ್ತೆ, ಬೆರಳ ತುದಿ ತಣ್ಣಗಾಗುತ್ತೆ, ಸ್ಕ್ರೀನಲ್ಲಿ ಚಿಪ್ಸ್, ಅಂದ್ರೆ ದುಡ್ಡಿನ ಬದಲು ಇಡೋ ಬಿಲ್ಲೆಗಳು, ಜಾರಿ ಅವನ ಕಡೆ ಹೋಗೋ ಸದ್ದಿದೆಯಲ್ಲ ಅದು ಹೊಟ್ಟೇಲಿ ಕೇಳ್ಸುತ್ತೆ. ಹೋಗಿದ್ದು ಸಾವಿರ ರೂಪಾಯಿ, ನಾನು ಆಡೋದೇ ಸಣ್ಣ ಟೇಬಲ್, ಸಾವಿರದ ಪ್ರಶ್ನೆ ಅಲ್ಲವೇ ಅಲ್ಲ. ಎಲ್ಲಾ ಸರಿಯಾಗೇ ಮಾಡಿದ್ದೆ, ಆದ್ರೂ ಹೋಯ್ತು, ಮತ್ತೆ ಇದನ್ನ ಯಾರ ಹತ್ರ ಹೋಗಿ ಹೇಳ್ಲಿ, ನಮ್ಮನೆಯವರಿಗೆ ಹೇಳಿದ್ರೆ "ಎಷ್ಟು ಹೋಯ್ತು" ಅಂತಾರೆ. ಎಷ್ಟು ಹೋಯ್ತು ಅನ್ನೋದೊಂದೇ ಹೊರಗಿನೋರಿಗೆ ಕಾಣೋದು. ಅದಾದ ಮೇಲೆ ಬರೋದೇ ಟಿಲ್ಟ್, ತಲೆ ಕೆಟ್ಟು ಆಡೋದು. ಹರಕಲು ಎಲೆ ಬಂದ್ರೂ ಆಡ್ಬೇಕು ಅನ್ಸುತ್ತೆ, ಅವನನ್ನೇ ಹುಡುಕಿ ಅವನ ಕೈಯಿಂದ್ಲೇ ವಾಪಸ್ ತಗೋಬೇಕು ಅನ್ಸುತ್ತೆ, ಅವನು ಯಾರೋ ಏನೋ, ಒಂದು ಹುಲಿ ಚಿತ್ರ ಇಟ್ಕೊಂಡಿರೋ ಐಡಿ ಅಷ್ಟೇ. ದಿನಕ್ಕೆ ಎರಡು ಬೈ-ಇನ್, ಅಂದ್ರೆ ಎರಡು ಸಲ ಟೇಬಲ್‌ಗೆ ಕೂರೋಕೆ ಹಾಕೋ ದುಡ್ಡು, ಹೋದ್ರೆ ಫೋನ್ ಮುಚ್ಚೋದು ಅಂತ ನಂಗೊಂದು ನಿಯಮ ಇದೆ, ಅವತ್ತೂ ಮುಚ್ದೆ. ಮುಚ್ಚಿ ಮಲಗಿದ್ರೂ ಕಣ್ಮುಂದೆ ಡೈಮನ್ ರಾಜ.

ಮಾವ ಸ್ವಲ್ಪ ಹೊತ್ತು ಸುಮ್ನಿದ್ದು ಬೋರಿನ ಕಥೆ ತೆಗೆದ್ರು. ಮೇಲಿನ ತೋಟಕ್ಕೆ ಕೊರೆಸಿದ್ದು. ಜಿಯಾಲಜಿಸ್ಟ್ ಕರೆಸಿ ಪಾಯಿಂಟ್ ಮಾಡಿಸಿದ್ರು, ಅದೂ ಸಾಲ್ದು ಅಂತ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಓಡಾಡೋರನ್ನೂ ಕರೆಸಿದ್ರು, ಇಬ್ರೂ ಒಂದೇ ಜಾಗ ತೋರಿಸಿದ್ರಂತೆ. 900 ಅಡಿ ಹೋದ್ರೂ ಬರೀ ಧೂಳು. ಪಕ್ಕದ ತೋಟದೋನು ಲಾರಿ ಬಂದಿದೆ ಅಂತ ಸುಮ್ನೆ ಬೇಲಿ ಪಕ್ಕ ಒಂದು ಕೊರೆಸ್ದ, 300 ಅಡಿಗೇ ಎರಡಿಂಚು ನೀರು. "ಅವತ್ತು ರಾತ್ರಿ ನಂಗೂ ನಿದ್ದೆ ಇಲ್ಲ ಕಣಮ್ಮ. ನೀರು ಬರ್ಲಿಲ್ಲ ಅಂತಲ್ಲ, ನಂದೇನು ತಪ್ಪು ಅಂತ. ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ."

ಇದು ಕೇಳಿ ಗಂಟಲು ಕಟ್ಟಿ ಬಂತು. ಇಷ್ಟು ವರ್ಷದಲ್ಲಿ ಈ ವಿಷಯಕ್ಕೆ ಯಾರೂ ನಂಗೆ "ಅರ್ಥ ಆಗುತ್ತೆ" ಅಂದಿರ್ಲಿಲ್ಲ. ಆದ್ರೆ ಅಡುಗೆಮನೇಲಿ ಸಾರಿಗೆ ಒಗ್ಗರಣೆ ಹಾಕ್ತಾ ಯೋಚನೆ ಮಾಡಿದ್ರೆ, ಎರಡೂ ಒಂದೇ ಅಲ್ಲ ಅನ್ಸ್ತು. ಮಾವ ಇನ್ನೊಂದು ಬೋರ್ ಕೊರೆಸ್ಬೇಕು ಅಂದ್ರೆ ದುಡ್ಡು ಹೊಂದಿಸ್ಬೇಕು, ಲಾರಿಯೋರಿಗೆ ಹೇಳ್ಬೇಕು, ಅತ್ತೆ ಹತ್ರ ಬೈಸ್ಕೋಬೇಕು, ಅಷ್ಟರಲ್ಲಿ ಒಂದು ವರ್ಷ ಕಳೆಯುತ್ತೆ, ಸಿಟ್ಟೂ ಇಳಿದಿರುತ್ತೆ. ನಂಗೆ ಮುಂದಿನ ಎಲೆ ಮೂವತ್ತು ಸೆಕೆಂಡಿಗೇ ಬರುತ್ತೆ. ಎದುರಾ ಎದುರು ಕೂತು ಆಡೋ ಪೋಕರ್‌ನಲ್ಲಿ ಗಂಟೆಗೆ 25-30 ಕೈ ಆದ್ರೆ ಹೆಚ್ಚು, ಯಾರೋ ಎಲೆ ಕಲೆಸ್ಬೇಕು, ಚಿಪ್ಸ್ ಎಣಿಸ್ಬೇಕು. ಫೋನಲ್ಲಿ ಒಂದು ಟೇಬಲ್‌ನಲ್ಲೇ ಅದರ ಎರಡರಷ್ಟು, ಎರಡು ಟೇಬಲ್ ತೆಗೆದ್ರೆ ಕೇಳೋದೇ ಬೇಡ. ಸಂಕಟ ಇಳಿಯೋಕೆ ಟೈಮೇ ಇಲ್ಲ, ಒಂದರ ಮೇಲೆ ಇನ್ನೊಂದು ಸಂಕಟ, ಮಧ್ಯ ಒಂದು ಖುಷಿ, ಮತ್ತೆ ಸಂಕಟ.

ಖುಷಿ ಬಗ್ಗೆ ಮಾವನಿಗೆ ಹೇಳ್ಲಿಲ್ಲ. ಅದೇ ನಿಜಕ್ಕೂ ಭಯ ಹುಟ್ಟಿಸಿದ್ದು ನಂಗೆ. ಹಿಂದಿನ ವರ್ಷ ಒಂದು ಭಾನುವಾರದ ಟೂರ್ನಮೆಂಟ್ ಗೆದ್ದಿದ್ದೆ, 62 ಸಾವಿರ. ಮುಗಿದಾಗ ರಾತ್ರಿ ಎರಡು ಗಂಟೆ. ಇವರು, ಪುಟ್ಟಿ ಮಲಗಿದ್ರು. ಅಡುಗೆಮನೇಲಿ ಲೈಟ್ ಹಾಕದೆ ನಿಂತು ಡಬ್ಬಿಯಿಂದ ಚಕ್ಲಿ ತಿಂತಿದ್ದೆ, ಹಸಿವಿಗಲ್ಲ, ಕೈಗೆ ಏನಾದ್ರೂ ಕೆಲಸ ಬೇಕಿತ್ತು. ಎದೆ ಹೊಡ್ಕೊಳೋದು ನಿಲ್ಲಲೇ ಇಲ್ಲ. 2003ರಲ್ಲಿ ಅಮೆರಿಕದಲ್ಲಿ ಕ್ರಿಸ್ ಮನಿಮೇಕರ್ ಅಂತ ಒಬ್ಬ 86 ಡಾಲರ್‌ನ ಆನ್‌ಲೈನ್ ಟೂರ್ನಮೆಂಟ್ ಗೆದ್ದು ಅಲ್ಲಿಂದ ಪೋಕರ್‌ನ ದೊಡ್ಡ ಪಂದ್ಯ ವರ್ಲ್ಡ್ ಸೀರೀಸ್‌ಗೆ ಹೋಗಿ 25 ಲಕ್ಷ ಡಾಲರ್ ಗೆದ್ದ, ಪೋಕರ್ ಆಡೋರಲ್ಲಿ ಆ ಕಥೆ ಗೊತ್ತಿಲ್ಲದೋರು ಇಲ್ಲ. ಅವನೂ ಅಕೌಂಟೆಂಟೇ. ಆ ರಾತ್ರಿ ನಂಗೆ ಅವನು ನೆನಪಾಗಿ ನೆನಪಾಗಿ ಬೆಳಗಾಯ್ತು. ಬೆಳಗ್ಗೆ ಆಫೀಸಲ್ಲಿ ವೋಚರ್ ಎಂಟ್ರಿ ಮಾಡ್ತಾ ಕೂತಿದ್ರೆ ಪ್ರತಿಯೊಂದು ಎಂಟ್ರೀನೂ ದಂಡ ಅನ್ನಿಸ್ತಿತ್ತು, ತಿಂಗಳಿಡೀ ಹಿಂಗೆ ಕುಟ್ಟಿದ್ರೂ ಸಿಗೋದು ಅಷ್ಟೇ ಅಲ್ವಾ ಅಂತ. ಅಪ್ಪ ಕಷ್ಟಪಟ್ಟು ಬಿ.ಕಾಂ. ಓದಿಸಿ ಬಂದ ಕೆಲಸ ಇದು, ನನ್ನ ಸಂಬಳದ ಮೇಲೆ ನಂಗೇ ಮರ್ಯಾದೆ ಕಮ್ಮಿ ಆಗೋ ಹಾಗೆ ಮಾಡಿದ್ದು ಸೋತ ರಾತ್ರಿಗಳಲ್ಲ, ಆ ಒಂದು ಗೆದ್ದ ರಾತ್ರಿ. ವಾಪಸ್ ತಗೊಳುವಾಗ 30% ಟಿಡಿಎಸ್, ಅಂದ್ರೆ ಮೊದಲೇ ಹಿಡ್ಕೊಳೋ ತೆರಿಗೆ, ಕಟ್ಟಾಗಿದ್ದು ನೋಡಿ ಸ್ವಲ್ಪ ನೆಲಕ್ಕೆ ಬಂದೆ.

ಆದ್ರೂ ಸಿಟ್ಟು ಇದೆ. ಇದೇ ಕರ್ನಾಟಕದಲ್ಲಿ 2021ರಲ್ಲಿ ಬಂದ್ ಮಾಡಿದ್ರು, 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡ್ತು, ಕೌಶಲದ ಆಟ ಬೇರೆ, ಜೂಜು ಬೇರೆ ಅಂತ. ಆ ಸುದ್ದಿ ಓದಿ ನಂಗೆ ಎಷ್ಟು ಸಮಾಧಾನ ಆಗಿತ್ತು. ನಾನು ಓದಿ, ಲೆಕ್ಕ ಹಾಕಿ, ನೂರು ಕೈಲಿ ಎಂಬತ್ತು ಬಿಸಾಕಿ ಕಾದು ಆಡೋಳು, ಅದೃಷ್ಟ ನಂಬ್ಕೊಂಡು ಕೂತೋಳಲ್ಲ. ಹೊಸ ಕಾಯ್ದೇಲಿ ಆ ವ್ಯತ್ಯಾಸಾನೇ ಇಲ್ಲ, ಕೌಶಲ ಇರ್ಲಿ ಅದೃಷ್ಟ ಇರ್ಲಿ, ದುಡ್ಡಿಟ್ಟು ಆನ್‌ಲೈನ್ ಆಡಿದ್ರೆ ಒಂದೇ. ಇಷ್ಟು ವರ್ಷ ಕಲಿತಿದ್ದನ್ನ ಒಂದು ವಾಕ್ಯದಲ್ಲಿ ಒರೆಸಿದ ಹಾಗಾಯ್ತು. ಆದ್ರೆ ಆ ಲೋನ್ ಆಪ್ ಮನೆ ನೆನಪಾದ್ರೆ ಈ ಸಿಟ್ಟು ನಿಲ್ಲಲ್ಲ, ಅಲ್ಲಿ ಹೋಗಿ ನಾನು ಕೌಶಲ ಅಂತ ಯಾವ ಬಾಯಲ್ಲಿ ಹೇಳ್ಲಿ. ನಾನು ಗೆದ್ದ 62 ಸಾವಿರ ಆಕಾಶದಿಂದ ಬಿದ್ದಿದ್ದಲ್ಲ, ಆ ಟೂರ್ನಮೆಂಟ್‌ಗೆ ಎಷ್ಟೋ ಜನ ಹಾಕಿದ ದುಡ್ಡದು, ಆಪ್‌ನೋರು ತಮ್ಮ ಪಾಲು ಹಿಡ್ಕೊಂಡು ಉಳಿದಿದ್ದು. ಅದರಲ್ಲಿ ಯಾರ ದುಡ್ಡು ಯಾರ ಮನೇದು, ಅದನ್ನ ಬರೆಯೋಕೆ ನನ್ನ ಬುಕ್ಕಲ್ಲಿ ಕಾಲಮ್ಮೇ ಇಲ್ಲ.

ಊಟ ಮಾಡುವಾಗ ಮಾವ ಮೆಲ್ಲಗೆ ಕೇಳಿದ್ರು, "ಗೋವಾದಲ್ಲಿ ಹಡಗಿನ ಮೇಲೆ ಆಡಿಸ್ತಾರಂತಲ್ಲ, ಅದೂ ಬಂದ್ ಆಯ್ತಾ?" ಪಣಜೀಲಿ ಮಾಂಡೋವಿ ಮೇಲೆ ನಿಂತಿರೋ ಕ್ಯಾಸಿನೊ ಹಡಗುಗಳಿಗೆ ಈ ಕಾಯ್ದೆ ಬರಲ್ಲ ಮಾವ, ಇದು ಆನ್‌ಲೈನ್‌ಗೆ ಮಾತ್ರ ಅಂದೆ. "ಹೋಗ್ತೀಯಾ?" ಅಂದ್ರು. ಇಲ್ಲ ಅಂದೆ. ಅನ್ನೋಕೆ ಒಂದು ಕ್ಷಣ ತಡ ಆಯ್ತು, ಮಾವ ಅದನ್ನ ಗಮನಿಸಿದ್ರು ಅನ್ಸುತ್ತೆ, ಮಜ್ಜಿಗೆ ಬಡಿಸ್ಕೊಂಡು ಪುಟ್ಟಿ ಸ್ಕೂಲಿನ ಮಾತಿಗೆ ಹೋದ್ರು.

ಮಂಗಳವಾರ ಗೌರಿ, ಬುಧವಾರ ಗಣೇಶ. ಬಾಗಿನದ ಮೊರ ಇನ್ನೂ ತಂದಿಲ್ಲ, ಅತ್ತೆ ಫೋನಲ್ಲಿ ಪಟ್ಟಿ ಹೇಳಿದಾರೆ, ನಾಳೆ ಮಲ್ಲೇಶ್ವರಂ ಎಂಟನೇ ಕ್ರಾಸಿಗೆ ಬೆಳಗ್ಗೆನೇ ಹೋಗ್ಬೇಕು, ಹನ್ನೊಂದಾದ್ರೆ ಕಾಲಿಡೋಕಾಗಲ್ಲ.

ಹತ್ತೂವರೆಗೆ ಒಂದು ಮೆಸೇಜ್ ಬಂತು. ಟೂರ್ನಮೆಂಟ್ ಗ್ರೂಪಲ್ಲಿದ್ದೋನು, ಎಲ್ಲಾ ಇನ್ನೊಂದು ಆಪ್‌ಗೆ ಹೋಗ್ತಿದೀವಿ ಅಕ್ಕ, ಪ್ರೈವೇಟ್ ಕ್ಲಬ್, ಚಿಪ್ಸ್‌ನ ಏಜೆಂಟ್ ಹತ್ರ ತಗೊಳೋದು, ಲೆಕ್ಕ ವಾರಕ್ಕೊಮ್ಮೆ ಅಂತ. ದುಡ್ಡು ಯಾರ ಹತ್ರ ಇರುತ್ತೆ, ಕೊಡ್ಲಿಲ್ಲ ಅಂದ್ರೆ ಯಾರನ್ನ ಕೇಳೋದು, ಎಲೆ ಕಲೆಸೋದು ಸರಿಯಿದೆ ಅಂತ ಯಾರು ನೋಡಿದಾರೆ, ಒಂದಕ್ಕೂ ಉತ್ತರ ಇಲ್ಲದ ಜಾಗ ಅದು. ಹೋಗಲ್ಲ ಅಂತ ಓದೋ ಮುಂಚೆನೇ ಗೊತ್ತಿತ್ತು. ಆದ್ರೆ ಓದ್ತಿದ್ದಾಗ ಬೆರಳ ತುದಿ ತಣ್ಣಗಾಯ್ತು, ಆಲ್ ಇನ್ ಆದಾಗ ಆಗೋ ಹಾಗೇ, ಅದೇ ತಣ್ಣಗೆ. ದುಡ್ಡಿಲ್ಲ, ಎಲೆ ಇಲ್ಲ, ಟೇಬಲ್ ಇಲ್ಲ, ಬರೀ ಒಂದು ಮೆಸೇಜು.

ಬೇಡ ಅಂತ ಬರೆದ್ರೆ ಯಾಕಕ್ಕ ಅಂತಾನೆ. ಉತ್ತರಾನೇ ಕೊಡದೆ ಬಿಟ್ರೆ ನಾಳೆ ಮತ್ತೆ ಕೇಳ್ತಾನೆ, ನಾಳಿದ್ದು ಇನ್ನೊಬ್ರು ಕೇಳ್ತಾರೆ, ಪ್ರತಿ ಸಲಾನೂ ಕೈ ಹಿಂಗೇ ತಣ್ಣಗಾದ್ರೆ