ಮುದ್ದೆ ಕೋಲು ಹಿಡಿದು ಕಟ್ಟೆ ಅಳೆದದ್ದು

ನಮ್ಮ ಮನೆಯಲ್ಲಿ ಮುದ್ದೆಯೂ ಆಗಬೇಕು, ಜೋಳದ ರೊಟ್ಟಿಯೂ ಆಗಬೇಕು. ನಾನು ಮಂಡ್ಯದ ಕಡೆಯವಳು, ಅತ್ತೆ ಧಾರವಾಡದವರು. ನಮ್ಮ ಯಜಮಾನರಿಗೆ ಎರಡೂ ಇಷ್ಟ. ತಿಂದ ಮೇಲೆ ಪಾತ್ರೆ ತೊಳೆಯುವ ಕೆಲಸವೂ ಅವರದ್ದೇ. ಹೊಸ ಮನೆಯ ಅಡುಗೆಮನೆಗೆ ಪ್ಲಾನ್ ಮಾಡಿಸೋಕೆ ಕೂತಾಗ ಈ ಮೂರೇ ವಿಷಯ ಎಲ್ಲರ ತಲೆ ತಿಂದವು.

ಮನೆ ಏಳುತ್ತಿರುವುದು ಮೈಸೂರಿನಲ್ಲಿ, 30–40ರ ಸೈಟಿನಲ್ಲಿ. ಅಡುಗೆಮನೆಗೆ ಸಿಕ್ಕಿದ್ದು 8 ಅಡಿಗೆ 10 ಅಡಿ. ಆಗ್ನೇಯ ಮೂಲೆ, ಪೂರ್ವಕ್ಕೆ ಮುಖ ಮಾಡಿ ಅಡುಗೆ. ಅದರಲ್ಲಿ ಚರ್ಚೆಯೇ ಇಲ್ಲ. ವಾಸ್ತು ನಂಬದ ಯಜಮಾನರೂ "ಬೆಳಗಿನ ಬಿಸಿಲು ಬೀಳುತ್ತೆ ಬಿಡು" ಅಂತ ಒಪ್ಪಿಕೊಂಡರು. ಡಿಸೈನರ್ ಹುಡುಗ ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದ. ಚೆನ್ನಾಗಿಯೇ ಇತ್ತು. ಸರ್ರನೆ ಜಾರುವ ಡ್ರಾಯರುಗಳು, ಮೂರು ಗೋಡೆಗೂ ಒಂದೇ ಮಟ್ಟದ ಕರಿ ಗ್ರಾನೈಟ್ ಕಟ್ಟೆ. ಎತ್ತರ 34 ಇಂಚು. "ಸ್ಟ್ಯಾಂಡರ್ಡ್ ಮೇಡಂ" ಅಂದ.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇಷ್ಟ ಎತ್ತರದಾಗ ರೊಟ್ಟಿ ಹ್ಯಾಂಗ ಬಡೀಲೆಪಾ?"

"ಲಟ್ಟಿಸೋಕೆ ಈ ಕಡೆ ಜಾಗ ಇದೆ ನೋಡಿ ಆಂಟಿ" ಅಂದ, ಪಾಪ.

ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ. ಎಳೆದರೆ ಹರಿಯುತ್ತದೆ. ಬಿಸಿನೀರು ಹಾಕಿ ನಾದಬೇಕು, ಅಂಗೈಯಲ್ಲಿ ತಟ್ಟುತ್ತಾ ತಿರುಗಿಸುತ್ತಾ ಅಗಲ ಮಾಡಬೇಕು. ಭುಜದ ಭಾರ ಮೇಲಿಂದ ಅಂಗೈಗೆ ಇಳಿಯಬೇಕು. ಅದಕ್ಕೇ ಅತ್ತೆ ಜನ್ಮವಿಡೀ ನೆಲದ ಮೇಲೆ ಕೂತು ಬಡಿದವರು. ಈಗ ಮಂಡಿ ಕೇಳಲ್ಲ. ಕೂತರೆ ಏಳುವುದು ಕಷ್ಟ.

ಮುದ್ದೆಯದ್ದೂ ಇದೇ ಕಥೆ. 34 ಇಂಚಿನ ಕಟ್ಟೆ ಮೇಲೆ 4 ಇಂಚಿನ ಸ್ಟೌ, ಅದರ ಮೇಲೆ 7 ಇಂಚಿನ ಪಾತ್ರೆ ಅಂದ್ರೆ ಬಾಯಿ ಬರುವುದು 45 ಇಂಚಿಗೆ. ನಾನಿರುವುದೇ 5 ಅಡಿ. ಕೋಲು ಹಿಡಿದ ಕೈ ಗಲ್ಲದ ಮಟ್ಟಕ್ಕೆ ಬಂದರೆ ಹಿಟ್ಟು ತೊಳಸುವುದು ಹೇಗೆ? ಬಾಡಿಗೆ ಮನೆಯಲ್ಲಿ ಇಷ್ಟು ವರ್ಷ ಪಾತ್ರೆ ಇಳಿಸಿ, ನೆಲದ ಮೇಲಿಟ್ಟು, ಬಟ್ಟೆ ಸುತ್ತಿ ಎರಡೂ ಪಾದದಲ್ಲಿ ಒತ್ತಿ ಹಿಡಿದು ತೊಳಸಿದ್ದೇನೆ. ಸ್ವಂತ ಮನೆಯಲ್ಲೂ ಅದೇ ಕಸರತ್ತು ಯಾಕೆ?

ಬಾಯಿಮಾತಲ್ಲಿ ಇದು ಬಗೆಹರಿಯಲಿಲ್ಲ. ಮುಂದಿನ ಭಾನುವಾರ ಸೈಟಿಗೇ ಹೋದೆವು. ಜೊತೆಯಲ್ಲಿ ಸಣ್ಣ ಸಿಲಿಂಡರು, ಸ್ಟೌ, ಮುದ್ದೆ ಪಾತ್ರೆ, ಕೋಲು, ರಾಗಿ ಹಿಟ್ಟು, ಅತ್ತೆ ನಾದಿ ತಂದ ಜೋಳದ ಹಿಟ್ಟು, ಒಂದು ಡಬ್ಬಿ ಬಸ್ಸಾರು. ಗಾರೆ ಮೇಸ್ತ್ರಿ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಕಟ್ಟೆ, ಸಿಂಕು, ಫ್ರಿಜ್ಜು ಎಲ್ಲ ಗೆರೆ ಹಾಕಿಟ್ಟಿದ್ದರು. ಉಳಿದ ಬ್ಲಾಕು, ಇಟ್ಟಿಗೆ, ಸೆಂಟ್ರಿಂಗ್ ಹಲಗೆ ಜೋಡಿಸಿ ಬೇಕಾದ ಎತ್ತರಕ್ಕೆ ಕಟ್ಟೆ ಮಾಡಿಕೊಟ್ಟರು. ಮೊದಲು 34 ಇಂಚು. ಅತ್ತೆ ನಿಂತು ಬಡಿದರು. ಟಪ್ ಟಪ್ ಅನ್ನಬೇಕಾದ ಸದ್ದು ತಪ್ ತಪ್ ಅಂತ ಸೋತ ಹಾಗೆ ಬಂತು. ಹೆಗಲು ಕಿವಿಯ ಹತ್ತಿರ ಏರಿತ್ತು. ರೊಟ್ಟಿ ನಡುವೆ ದಪ್ಪ, ಅಂಚಿಗೆ ಸೀಳು.

"ಇಳಸ್ರೀ ಇದನ್ನ."

31ಕ್ಕೆ ಇಳಿಸಿದರು. ಪರವಾಗಿಲ್ಲ ಅಂದರು, ಮುಖ ಮಾತ್ರ ಒಪ್ಪಲಿಲ್ಲ. 28ಕ್ಕೆ ಇಳಿಸಿದಾಗ ಅಂಗೈ ತಾನಾಗಿ ಕುಣಿಯಿತು. ಮೇಸ್ತ್ರಿ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದರು. ಅದರ ಮೇಲೆ ಕೂತರೂ ಎತ್ತರ ಸರಿಹೊಂದಿತು, ಊಟದ ಟೇಬಲ್ಲಿನ ಲೆಕ್ಕವೇ ಅಲ್ವಾ. ಹಾಗಾಗಿ ಆ ಭಾಗದ ಕೆಳಗೆ ಬೀರುವೂ ಇಲ್ಲ, ಡ್ರಾಯರೂ ಇಲ್ಲ. ಅತ್ತೆಯ ಕಾಲು ಚಾಚೋಕೆ ಖಾಲಿ ಜಾಗ.

ಅದೇ ಹಲಗೆ ಮೇಲೆ ಸ್ಟೌ ಇಟ್ಟು ಮುದ್ದೆಗೆ ಎಸರಿಟ್ಟೆ. ಪಾತ್ರೆಯ ಬಾಯಿ ಈಗ ಮೊಣಕೈಗಿಂತ ಒಂದಿಷ್ಟೇ ಮೇಲೆ. ಯಜಮಾನರು ಇಕ್ಕಳದಲ್ಲಿ ಪಾತ್ರೆ ಹಿಡಿದರು. ನಿಂತೇ ತೊಳಸಿದೆ, ಒಂದು ಗಂಟೂ ಇಲ್ಲ. ಮೇಸ್ತ್ರಿ, ಅವರ ಜೊತೆಯ ಹುಡುಗರು, ಎಲ್ಲರಿಗೂ ಬಿಸಿ ಮುದ್ದೆ, ಬಸ್ಸಾರು. ಡಿಸೈನರ್ ಹುಡುಗನೂ ತಿಂದ. ಅಗಿಯೋಕೆ ಹೋದ, ಮೇಸ್ತ್ರಿ "ನುಂಗಿ ಸಾರ್" ಅಂತ ತಿದ್ದಿದರು.

ಊಟದ ಮೇಲೆ ಹುಡುಗ ನ್ಯಾಯವಾದ ತಕರಾರೇ ಎತ್ತಿದ. ಚಿಮಣಿ ಸ್ಟೌ ಮೇಲಿಂದ 26ರಿಂದ 30 ಇಂಚಿನ ಒಳಗೆ ಇದ್ದರೆ ಮಾತ್ರ ಹೊಗೆ ಎಳೆಯುತ್ತದೆ. ಸ್ಟೌ ಇಳಿದರೆ ಚಿಮಣಿಯೂ ಇಳಿಯಬೇಕು. ಲೆಕ್ಕ ಹಾಕಿದರೆ ಅದರ ಅಂಚು 5 ಅಡಿಗೆ ಬರುತ್ತದೆ. ನನಗೆ ಸರಿ. 5 ಅಡಿ 10 ಇಂಚಿನ ಯಜಮಾನರ ಹಣೆಗೆ ನೇರ! ಚಿಮಣಿ ಬಿಟ್ಟೆವು. ಕಿಟಕಿಯ ಮೇಲೆ ದೊಡ್ಡ ಎಕ್ಸಾಸ್ಟ್ ಫ್ಯಾನು ಸಾಕು. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ದಿನ ಒಂದಿಷ್ಟು ಕೆಮ್ಮುತ್ತೇವೆ ಅಷ್ಟೇ.

ಸಿಂಕಿನದ್ದು ಉಲ್ಟಾ ಲೆಕ್ಕ. ಅದರ ಗುಂಡಿಯೇ 8 ಇಂಚು ಆಳ. ಕಟ್ಟೆ ಎಷ್ಟೇ ಇದ್ದರೂ ಕೈ ಅದಕ್ಕಿಂತ ಕೆಳಗೆ ಹೋಗುತ್ತದೆ, ಉದ್ದ ಇರುವವರಿಗೆ ಸೊಂಟ ಹಿಡಿಯುತ್ತದೆ. ಅಲ್ಲಿ 36 ಇಂಚು ಅಂತ ಬರೆಸಿದೆ. "ಭಾಂಡೆ ತಿಕ್ಕಾಕ ಗಂಡಸರ ಎತ್ತರ! ನಮ್ಮ ಕಾಲದಾಗ ಎಲ್ಲಿತ್ತು ಇದು" ಅಂತ ಅತ್ತೆ ನಕ್ಕರು. ತರಕಾರಿ ಹೆಚ್ಚುವ ಕಡೆ 33, ಅದು ಎಲ್ಲರಿಗೂ.

ಒಲೆ, ಸಿಂಕು, ಫ್ರಿಜ್ಜಿನ ನಡುವೆ ತ್ರಿಕೋನ ಎಳೆದು ಹೆಜ್ಜೆ ಉಳಿಸುವ ಲೆಕ್ಕವನ್ನೂ ಹುಡುಗ ವಿವರಿಸಿದ. ಆಮೇಲೆ ಇದರ ಬಗ್ಗೆ ಸುಮ್ನೆ ಓದಿದೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೊಸ ಮನೆಗಳಿಗೆ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ ಅನ್ನುವ ಆರ್ಕಿಟೆಕ್ಟ್ ಮಾಡಿದ ಅಡುಗೆಮನೆ ಈಗಿನ ಮಾಡ್ಯುಲರ್ ಕಿಚನ್ನುಗಳ ಅಜ್ಜಿಯಂತೆ. ರೈಲಿನ ಅಡುಗೆ ಬೋಗಿ ನೋಡಿ, ಹೆಂಗಸರ ಹೆಜ್ಜೆ ಉಳಿಸಲು, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದಲ್ಲಿ ಎಲ್ಲ ಜೋಡಿಸಿದ್ದರು. ಆಗ ತನಗೆ ಅಡುಗೆಯೇ ಬರುತ್ತಿರಲಿಲ್ಲ ಅಂತ ಆಕೆಯೇ ಆಮೇಲೆ ಹೇಳಿಕೊಂಡಿದ್ದಾರೆ. ಅದು ಒಬ್ಬಳೇ ನಿಂತು ಅಡುಗೆ ಮಾಡುವ ಜಾಗ. ನಮ್ಮಲ್ಲಿ ಅತ್ತೆ ರೊಟ್ಟಿಗೆ, ನಾನು ಪಲ್ಯಕ್ಕೆ, ಯಜಮಾನರು ಸಿಂಕಿಗೆ, ನಡುವೆ ಮಗಳು ಫ್ರಿಜ್ಜಿಗೆ. ಹೆಜ್ಜೆ ಎಷ್ಟು ಉಳಿಯಿತು ಅನ್ನುವುದಕ್ಕಿಂತ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ತಿರುಗುವುದು ಮುಖ್ಯ. ಅದಕ್ಕೆ ಮೂರನೇ ಗೋಡೆಯ ಕಟ್ಟೆಯನ್ನೇ ತೆಗೆಸಿ ಓಡಾಡಲು ಜಾಗ ಬಿಟ್ಟೆವು.

ಮೂರು ಎತ್ತರ ಅಂದರೆ ರೆಡಿಮೇಡ್ ಡಬ್ಬಗಳು ಕೂರಲ್ಲ, ಎಲ್ಲ ಅಳತೆ ಕೊಟ್ಟೇ ಮಾಡಿಸಬೇಕು, ರೇಟು ಜಾಸ್ತಿ ಅಂದ ಹುಡುಗ. ಮೇಸ್ತ್ರಿ ಅಷ್ಟರಲ್ಲಿ ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿಯಾಗಿತ್ತು. "ಮೆಟ್ಟಿಲು ಥರ ಕಟ್ಟಿದ್ರಾಯ್ತು ಅಕ್ಕ, ಇದೇನ್ ಮಹಾ." ಬರೀ ಸಿಂಕಿನ ಕೆಳಗೆ ನೀರಿಗೆ ತಡೆಯುವ 710 ಗ್ರೇಡಿನ ಪ್ಲೈವುಡ್ಡು, ಉಳಿದ ಕಡೆ ಕಡಪ ಕಲ್ಲಿನ ತಟ್ಟುಗಳು. ಸರ್ರನೆ ಜಾರುವ ಡ್ರಾಯರು ಚಮಚಕ್ಕೆ ಒಂದು, ಡಬ್ಬಿಗಳಿಗೆ ಒಂದು. ಖರ್ಚು ಹೆಚ್ಚೇನೂ ಆಗಲಿಲ್ಲ.

ಗ್ರೈಂಡರ್ ಜಾಗ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಸದ್ದು ಜಾಸ್ತಿ, ಹಿಂದಿನ ಯುಟಿಲಿಟಿಗೆ ಹಾಕಿ ಅಂತ ಅತ್ತೆ. ರುಬ್ಬಿದ ಹಿಟ್ಟು ಹೊತ್ತು ಹೊಸ್ತಿಲು ದಾಟಿ ಬರೋರು ಯಾರು ಅಂತ ನಾನು. ವೈರಿಂಗ್‌ಗೆ ಗೋಡೆ ಕೊರೀಬೇಕು, ಸೋಮವಾರದೊಳಗೆ ಹೇಳಿಬಿಡಿ ಅಂತ ಮೇಸ್ತ್ರಿ ದಿನಾ ಫೋನ್ ಮಾಡುತ್ತಿದ್ದಾರೆ.