ಕುದುರೆಯ ಕಣ್ಣಿನ ಕೆಳಗಿನ ಏಣು

ಫೋಟೊ ನೋಡಿ ಪ್ರಾಣಿಗಳ ತಲೆ ಬಿಡಿಸುವ ಅಭ್ಯಾಸಕ್ಕೆ ತೊಡಗಿ ಕೆಲವು ತಿಂಗಳಾಗಿದ್ದವು. ಆ ಭಾನುವಾರ ನಾನು ಆರಿಸಿಕೊಂಡದ್ದು ಸ್ವಲ್ಪ ಓರೆಯಾಗಿ ಮುಖ ತಿರುಗಿಸಿ ನಿಂತ ಒಂದು ಕಂದು ಕುದುರೆಯ ಫೋಟೊ. ಪೆನ್ಸಿಲ್ಲಿನಿಂದ ಅಳತೆ ತೆಗೆಯುತ್ತ, ಫೋಟೊದಲ್ಲಿ ನೆರಳಿದ್ದಲ್ಲಿ ನೆರಳು ತುಂಬುತ್ತ, ಬೆಳಕಿದ್ದಲ್ಲಿ ಕಾಗದವನ್ನು ಬಿಳಿಯಾಗಿಯೇ ಉಳಿಸುತ್ತ ಎರಡು ಗಂಟೆ ಕುಳಿತೆ. ಗೆರೆಗಳೆಲ್ಲ ಫೋಟೊದಲ್ಲಿ ಇದ್ದಂತೆಯೇ ಇದ್ದವು. ಆದರೂ ಮೂಡಿದ ಕುದುರೆಯ ಮೂತಿ ಊದಿಕೊಂಡಿತ್ತು, ಹಣೆ ಕಿರಿದಾಗಿತ್ತು, ಕೆನ್ನೆ ಹತ್ತಿ ತುಂಬಿದ ದಿಂಬಿನಂತೆ ಮೆತ್ತಗೆ ಕಾಣುತ್ತಿತ್ತು.

ಮೂತಿ ಊದಿದ್ದರ ಕಾರಣ ಬೇಗ ತಿಳಿಯಿತು. ಫೋಟೊವನ್ನು ತೀರ ಹತ್ತಿರದಿಂದ ತೆಗೆಯಲಾಗಿತ್ತು. ಕುದುರೆಯದು ಉದ್ದ ಮುಖವಾದ್ದರಿಂದ, ಕ್ಯಾಮೆರಾ ಸಮೀಪಿಸಿದಷ್ಟೂ ಮುಂದಿರುವ ಹೊಳ್ಳೆಗಳು ಹಿಗ್ಗುತ್ತವೆ, ಹಿಂದಿರುವ ಕಿವಿಗಳು ಕುಗ್ಗುತ್ತವೆ. ದೂರದಿಂದ ತೆಗೆದ ಮತ್ತೊಂದು ಫೋಟೊವನ್ನು ಪಕ್ಕದಲ್ಲಿಟ್ಟುಕೊಂಡು ಅನುಪಾತವನ್ನು ಸರಿಪಡಿಸಿಕೊಂಡೆ.

ಕೆನ್ನೆಯ ತೊಂದರೆ ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಜಾರ್ಜ್ ಸ್ಟಬ್ಸ್ ಎಂಬ ಇಂಗ್ಲಿಷ್ ಕಲಾವಿದ ಸುಮಾರು 18 ತಿಂಗಳ ಕಾಲ ಸತ್ತ ಕುದುರೆಗಳನ್ನು ಪದರ ಪದರವಾಗಿ ಬಿಡಿಸಿ ನೋಡಿ, ಸ್ನಾಯು ಮತ್ತು ಮೂಳೆಗಳ ಚಿತ್ರಗಳನ್ನು 1766ರಲ್ಲಿ ಪ್ರಕಟಿಸಿದ್ದ. ಅದರಲ್ಲಿನ ತಲೆಬುರುಡೆಯನ್ನು ಫೋಟೊದ ಜೊತೆ ಹೋಲಿಸಿದಾಗ ನನ್ನ ತಪ್ಪು ಎದ್ದು ಕಂಡಿತು. ಕಣ್ಣಿನ ಕೆಳಗಿನಿಂದ ಹೊಳ್ಳೆಯ ದಿಕ್ಕಿಗೆ ಸಾಗುವ ಒಂದು ಮಸುಕು ಪಟ್ಟೆಯನ್ನು ನಾನು ಬರಿಯ ನೆರಳೆಂದು ಭಾವಿಸಿ, ಬೆರಳಿನಿಂದ ತೀಡಿ ನಯಗೊಳಿಸಿದ್ದೆ. ಅದು ಚರ್ಮದ ಅಡಿಯಲ್ಲೇ ಇರುವ ಮೂಳೆಯ ಏಣು; ಮೇವನ್ನು ಅಗಿಯುವ ದವಡೆಯ ದೊಡ್ಡ ಸ್ನಾಯು ಹಿಡಿದುಕೊಂಡಿರುವುದು ಅದನ್ನೇ. ಆ ಏಣನ್ನು ಅಳಿಸಿದ್ದರಿಂದಲೇ ಇಡೀ ಕೆನ್ನೆ ಆಧಾರ ಕಳೆದುಕೊಂಡು ಮೆತ್ತಗಾಗಿತ್ತು. ಫೋಟೊದಲ್ಲಿ ಮೂಳೆಯ ನೆರಳಿಗೂ ಕೂದಲಿನ ಬಣ್ಣಕ್ಕೂ ಒಂದೇ ಬೂದು ಛಾಯೆ ಇರುತ್ತದೆ, ಯಾವುದು ಯಾವುದೆಂದು ಅದು ಹೇಳುವುದಿಲ್ಲ. ಇದನ್ನು ಮೊದಲೇ ಅರಿತಿದ್ದರೆ ಎಷ್ಟೋ ಹಾಳೆಗಳು ಬೇರೆಯೇ ಆಗುತ್ತಿದ್ದವು ಎಂದು ಈಗಲೂ ಅನ್ನಿಸುತ್ತದೆ.

ಹೊಸ ಹಾಳೆಯಲ್ಲಿ ಮೊದಲು ಬುರುಡೆಯನ್ನೇ ತೆಳುವಾಗಿ ಗುರುತಿಸಿ, ಅದರ ಮೇಲೆ ಮುಖವನ್ನು ಕಟ್ಟುತ್ತ ಬಂದೆ. ಏಣಿನ ಮೇಲ್ಬದಿಯನ್ನು ಬಿಳಿಯಾಗಿ ಬಿಟ್ಟು ಕೆಳಬದಿಗೆ ಒಂದೇ ಒಂದು ಗಟ್ಟಿ ಗೆರೆ ಎಳೆದಾಗ, ಕೆನ್ನೆ ತಟ್ಟನೆ ಬಿಗಿಯಿತು.

ಕಣ್ಣಿಗೆ ಬಂದಾಗ ಮನುಷ್ಯರ ಮುಖ ಬಿಡಿಸಿ ರೂಢಿಯಾದ ಕೈ ತಾನಾಗಿಯೇ ದುಂಡನೆಯ ಪಾಪೆಯನ್ನು ಇಟ್ಟುಬಿಟ್ಟಿತ್ತು. ಕುದುರೆಯ ಪಾಪೆ ಅಡ್ಡಡ್ಡ ಉದ್ದವಾದದ್ದು. ತಲೆ ತಗ್ಗಿಸಿ ಮೇಯುವಾಗಲೂ ಅದು ನೆಲಕ್ಕೆ ಸಮಾನಾಂತರವಾಗಿ ಉಳಿಯುವಂತೆ ಕಣ್ಣುಗುಡ್ಡೆ ಹೊರಳಿಕೊಳ್ಳುತ್ತದೆ. ಕಡು ಕಂದು ಕಣ್ಣಿನಲ್ಲಿ ಪಾಪೆಯ ಅಂಚು ಫೋಟೊದಲ್ಲಿ ಕಂಡೂ ಕಾಣದಂತಿರುವುದರಿಂದ, ಚಿತ್ರವನ್ನು ಹಿಗ್ಗಿಸಿ ನೋಡಿಯೇ ಅದನ್ನು ತಿದ್ದಬೇಕಾಯಿತು.

ಕಿವಿಗಳನ್ನು ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಆ ಹಾಳೆಯಲ್ಲಿ ಕಿವಿಗಳ ಜಾಗದಲ್ಲಿ ಇಂದಿಗೂ ಇರುವುದು ಅವುಗಳ ಬುಡವನ್ನು ಗುರುತಿಸಿದ ಎರಡು ತೆಳು ವೃತ್ತಗಳಷ್ಟೇ.